ಬಾಗಲಕೋಟೆಯ ತಾಡಪತ್ರಿ ಅಂಗಡಿಯಲ್ಲಿ ಹಾಯಿದೋಣಿಯ ಹಾಯಿ ಹೊಲಿಸಿದ್ದು: ಯಾವ ಕೆಲಸಕ್ಕೆ ಹೋಗಬಹುದು, ಯಾವುದಕ್ಕೆ ಬೇಡ

ಹಳೆ ಹಾಯಿದೋಣಿಯ ಹಾಯಿ ಹೊಲಿಗೆ ಬಿಟ್ಟಿದೆ ಅಂತ ಅದನ್ನು ಮುಂಬೈಗೋ ಗೋವಾಕ್ಕೋ ಪಾರ್ಸೆಲ್ ಮಾಡಬೇಕಾಗಿಲ್ಲ. ಬಾಗಲಕೋಟೆ ಹಳೆ ಊರಿನ ಮಾರ್ಕೆಟ್ ಕಡೆ ಒಂದು ತಾಡಪತ್ರಿ ಅಂಗಡಿ ಇದೆ. ಆ ಕೆಲಸ ಅಲ್ಲಿ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ದಾರ ನೀವೇ ಒಯ್ಯಬೇಕು. ಅಂಚಿಗೆ ಹೊಡೆಯುವ ಲೋಹದ ರಿಂಗಿನ ವಿಷಯದಲ್ಲಿ ಅವರ ಮಾತು ಕೇಳಬಾರದು. ಇಂಥ ದಿನ ಕೊಡ್ತೀವಿ ಅಂದರೆ ನಂಬಬಾರದು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಬಿಡಬಹುದು. ಉಳಿದದ್ದು ನನ್ನ ಹಾಗೆ ಹಳೆ ದೋಣಿ ಕಟ್ಟಿಕೊಂಡು ಮನೆಯಲ್ಲೇ ಒದ್ದಾಡುವವರಿಗೆ.

ಅಂಗಡಿ ಹೆಸರು ಬರೆಯುತ್ತಿಲ್ಲ. ಮಾಲೀಕರೇ ಬೇಡ ಅಂದರು. "ಹೆಸರ ಹಾಕಬ್ಯಾಡ್ರಿ ಸರ, ಆಮ್ಯಾಲ ಮಂದಿ ಪ್ಯಾರಾಚೂಟ್ ತಗೊಂಡ್ ಬರ್ತಾರ" ಅಂತ ನಕ್ಕರು. ಮಾರ್ಕೆಟ್ಟಿನಲ್ಲಿ ಲಾರಿ ತಾಡಪತ್ರಿ ಹೊಲಿಯೋ ಅಜ್ಜಾರ ಅಂಗಡಿ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ನನ್ನದು ಎಂಟರ್‌ಪ್ರೈಸ್ ದೋಣಿ. ಇಂಗ್ಲೆಂಡಿನ ಜಾಕ್ ಹೋಲ್ಟ್ 1956ರಲ್ಲಿ ರೂಪಿಸಿದ್ದು. ಪ್ಲೈವುಡ್ ಕತ್ತರಿಸಿ ಮನೆಯ ಹಿಂದೆಯೇ ಕಟ್ಟಿಕೊಳ್ಳಬಹುದಾದಂಥ ಸರಳ ದೋಣಿ. ಉದ್ದ ಸುಮಾರು 4 ಮೀಟರ್, ಅಂದರೆ 13 ಅಡಿ ಚಿಲ್ಲರೆ. ಇಬ್ಬರು ಕೂರುತ್ತಾರೆ. ಎರಡು ಹಾಯಿ, ಎರಡೂ ನೀಲಿ, ಆ ನೀಲಿಯೇ ಅದರ ಗುರುತು. ನಮ್ಮಲ್ಲಿ ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಹಾಯಿ ಕಲಿತ ಎಷ್ಟೋ ಜನ ಇದರಲ್ಲೇ ಕಲಿತವರು. ನನಗೆ ಸಿಕ್ಕಿದ್ದು ಕಾರವಾರದ ಪರಿಚಯದವರ ಹತ್ತಿರ. ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದಿತ್ತು. ಲಾರಿ ಮೇಲೆ ನವನಗರಕ್ಕೆ ಬಂದು ಇಳಿದಾಗ ಓಣಿಯವರೆಲ್ಲ ಬಂದು ನೋಡಿದರು. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಹಳೆ ಊರಿನ ಅಂಚಿಗೇ ಬಂದು ನಿಲ್ಲುವ ಊರು ನಮ್ಮದು, ಅರ್ಧ ಊರು ಮುಳುಗಡೆಯಾಗಿ ನವನಗರಕ್ಕೆ ಎದ್ದು ಬಂದಿದೆ, ಆದರೂ ಇಲ್ಲಿ ಹಾಯಿ ಕಟ್ಟಿದ ದೋಣಿ ಅಂದರೆ ಇವತ್ತಿಗೂ ತಮಾಷೆಯೇ. (ನೀರಿಗೆ ಇಳಿಸುವ ಮುಂಚೆ ಅನುಮತಿ ಕೇಳಿಕೊಳ್ಳಿ. ಸುಮ್ನೆ ಇಳಿಸಬೇಡಿ.)

ದೋಣಿಯ ಮೈ ಗಟ್ಟಿಯಿತ್ತು. ಹಾಳಾಗಿದ್ದು ಮೇಲಿನ ಸಾಮಾನು: ಹಾಯಿ, ಹಗ್ಗ, ರಾಟೆ, ಚುಕ್ಕಾಣಿ.

ಹಾಯಿ ಬಟ್ಟೆ ಪಾಲಿಯೆಸ್ಟರ್. ಬಿಗಿಯಾಗಿ ನೇಯ್ದು ಮೇಲೆ ರಾಳ ಹಾಕಿ ಗಟ್ಟಿ ಮಾಡಿರುತ್ತಾರೆ, ಅದಕ್ಕೇ ಕೈಯಲ್ಲಿ ಹಿಡಿದರೆ ಕಾಗದದ ಸದ್ದು ಬರುತ್ತದೆ. ಬಿಸಿಲಿಗೆ ಮೊದಲು ಸಾಯುವುದು ಬಟ್ಟೆಯಲ್ಲ, ದಾರ. ಬಟ್ಟೆ ಗಟ್ಟಿ ಇರುವುದರಿಂದ ಹೊಲಿಗೆ ಒಳಗೆ ಇಳಿಯುವುದಿಲ್ಲ, ಮೇಲೆ ಎದ್ದುಕೊಂಡೇ ಇರುತ್ತದೆ, ಬಿಸಿಲೂ ಅದಕ್ಕೇ, ಉಜ್ಜಾಟವೂ ಅದಕ್ಕೇ. ನೋಡುವುದು ಸುಲಭ. ಹೆಬ್ಬೆರಳ ಉಗುರಿನಿಂದ ಹೊಲಿಗೆ ಕೆರೆಯಿರಿ. ದಾರ ಪುಡಿಯಾಗಿ ಉದುರಿದರೆ ಆ ಹೊಲಿಗೆ ಮುಗಿಯಿತು ಅಂತ. ನನ್ನ ದೊಡ್ಡ ಹಾಯಿಯಲ್ಲಿ ಮೇಲಿನ ಅರ್ಧ ಹಾಗೇ ಉದುರುತ್ತಿತ್ತು. ಬಟ್ಟೆ ಮಾತ್ರ ಜಗ್ಗಿದರೂ ಜಪ್ಪೆನ್ನಲಿಲ್ಲ.

ಹೊಲಿಸುವ ಮುಂಚೆ ತೊಳೆಯಬೇಕು, ಅದನ್ನು ಅಂಗಡಿಯವರು ಮಾಡುವುದಿಲ್ಲ. ಕಾರವಾರದ ಉಪ್ಪು ಹೊಲಿಗೆಯ ಸಂದಿಯಲ್ಲಿ ಕೂತಿರುತ್ತದೆ. ಉಪ್ಪು ಗಾಳಿಯ ಪಸೆ ಹೀರುತ್ತದೆ, ಪಸೆ ಇದ್ದಲ್ಲಿ ಬೂಷ್ಟು ಬರುತ್ತದೆ. ನಾನು ತಾರಸಿಯ ನೀರು ಹೋಗುವ ಪೈಪಿಗೆ ಬಟ್ಟೆ ತುರುಕಿ, ನೀರು ನಿಲ್ಲಿಸಿ, ಉಣ್ಣೆ ಬಟ್ಟೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟೆ. ಬೆಳಿಗ್ಗೆ ಮೆತ್ತನೆ ಬ್ರಷ್. ಆಮೇಲೆ ಸಿಹಿನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸುವುದು. ವಾಷಿಂಗ್ ಮಷಿನ್ನಿಗೆ ಹಾಕಬೇಡಿ, ರಾಳ ಒಡೆದು ಬಟ್ಟೆ ಪಂಚೆಯಾಗಿಬಿಡುತ್ತದೆ. ಇಸ್ತ್ರಿಯಂತೂ ಬೇಡವೇ ಬೇಡ. ಗಾಳಿಗೆ ಪಟಪಟ ಬಡಿಯಲು ಬಿಟ್ಟು ಒಣಗಿಸುವುದೂ ಅಷ್ಟೇ ಕೆಟ್ಟದ್ದು. ಬೂಷ್ಟಿನ ಕಪ್ಪು ಚುಕ್ಕೆ ಪೂರ್ತಿ ಹೋಗಲಿಲ್ಲ. ಹೋಗದಿದ್ದರೂ ಪರವಾಗಿಲ್ಲ, ಅದು ನೋಟಕ್ಕೆ ಮಾತ್ರ.

ಈಗ ಅಂಗಡಿ. ಮುಂದೆ ತಾಡಪತ್ರಿ ಸುರುಳಿಗಳು, ಟ್ರ್ಯಾಕ್ಟರ್ ಮೇಲೆ ಹೊದಿಸುವವು, ಉಳ್ಳಾಗಡ್ಡಿ ರಾಶಿಗೆ ಹಾಸುವವು. ನಡುವೆ ಒಂದು ಭಾರಿ ಹೊಲಿಗೆ ಮಷಿನ್ನು. ಅಜ್ಜಾರು ಗುಳೇದಗುಡ್ಡದವರು, ಖಣ ನೇಯುವ ಮನೆತನ, ಮಗ್ಗ ಬಿಟ್ಟು ಈ ಕೆಲಸಕ್ಕೆ ಬಂದವರು. ನಾನು ಹಾಯಿ ಬಿಚ್ಚಿ ಹಾಸಿದ ಕೂಡಲೇ ಅವರು ಕೇಳಿದ್ದು ಎಲ್ಲಿ ಹರಿದಿದೆ ಅಂತ ಅಲ್ಲ. ಬಟ್ಟೆಯ ಅಂಚನ್ನು ಕಣ್ಣ ಹತ್ತಿರ ಹಿಡಿದರು. ಒಮ್ಮೆ ಉದ್ದಕ್ಕೆ ಜಗ್ಗಿದರು, ಒಮ್ಮೆ ಅಡ್ಡ, ಆಮೇಲೆ ಓರೆ. "ಇದರ ಹೊಕ್ಕ ಭಾಳ ಬಿಗಿ ಐತ್ರಿ. ಹಾಸಿಗಿಂತ ಬಿಗಿ. ಓರೆ ಎಳದ್ರ ಜಗ್ಗತೈತಿ. ಯಾಕ ಹಿಂಗ ನೇದಾರ?"

ನಾನು ಖುಷಿಯಾಗಿಬಿಟ್ಟೆ. ಯಾಕೆಂದರೆ ಹಾಯಿಯ ಇಡೀ ಲೆಕ್ಕ ಅಲ್ಲೇ ಇದೆ. (ಹಾಸು ಅಂದರೆ ನೇಯ್ಗೆಯ ಉದ್ದದ ಎಳೆ, ಹೊಕ್ಕು ಅಂದರೆ ಅಡ್ಡ ಎಳೆ.) ಈ ತರಹದ ಹಾಯಿಯಲ್ಲಿ ಬಟ್ಟೆಯ ಪಟ್ಟಿಗಳನ್ನು ಹಿಂದಿನ ಅಂಚಿಗೆ ಅಡ್ಡವಾಗಿ ಜೋಡಿಸಿರುತ್ತಾರೆ. ಆಗ ಹೊಕ್ಕಿನ ಎಳೆ ಸರಿಯಾಗಿ ಆ ಅಂಚಿನ ಉದ್ದಕ್ಕೆ ಬರುತ್ತದೆ. ಗಾಳಿಯ ಜಗ್ಗಾಟ ಜಾಸ್ತಿ ಬೀಳುವುದು ಆ ಅಂಚಿಗೇ, ಅದಕ್ಕೇ ಹೊಕ್ಕು ಬಿಗಿ. ತೇಪೆ ಹಾಕುವಾಗ ತೇಪೆಯ ಹಾಸು-ಹೊಕ್ಕು ಹಾಯಿಯ ಹಾಸು-ಹೊಕ್ಕಿಗೆ ಕೂಡಬೇಕು. ಕೂಡದಿದ್ದರೆ ಸುತ್ತಲಿನ ಬಟ್ಟೆ ಜಗ್ಗುತ್ತದೆ, ತೇಪೆ ಜಗ್ಗುವುದಿಲ್ಲ, ಅಲ್ಲೊಂದು ಗಂಟು ಮುಖ ಬಂದು ಕೂರುತ್ತದೆ, ಕೊನೆಗೆ ತೇಪೆಯ ಅಂಚಿನಲ್ಲೇ ಹೊಸದಾಗಿ ಹರಿಯುತ್ತದೆ. ಇದನ್ನು ಬೇರೆ ಕಡೆ ಒಬ್ಬರಿಗೆ ವಿವರಿಸಿ ವಿವರಿಸಿ ಸಾಕಾಗಿತ್ತು, ಅವರು ಕೊಡೆ ಬಟ್ಟೆಯ ತುಂಡು ತಂದು ಬಣ್ಣ ಹೊಂದುತ್ತದಲ್ಲ ಅಂದಿದ್ದರು. ಇಲ್ಲಿ ನಾನು ಬಾಯಿ ಬಿಡುವ ಮುಂಚೆಯೇ ಅಜ್ಜಾರು ತೇಪೆ ಬಟ್ಟೆಯನ್ನು ತಿರುಗಿಸಿ ಎಳೆಗೆ ಎಳೆ ಕೂಡಿಸಿ ಇಟ್ಟಿದ್ದರು. ನಮ್ಮ ಜಿಲ್ಲೆಯಲ್ಲಿ ಗುಳೇದಗುಡ್ಡ, ಇಳಕಲ್ಲು, ರಬಕವಿ-ಬನಹಟ್ಟಿ ಇಷ್ಟೆಲ್ಲ ನೇಕಾರರ ಊರು ಇರುವುದರ ಲಾಭ ಹಾಯಿದೋಣಿಗೂ ಸಿಗುತ್ತದೆ ಅಂತ ಯಾರು ಎಣಿಸಿದ್ದರು?

ತೇಪೆ ಬಟ್ಟೆ ನೀವೇ ತರಬೇಕು. ಹಿಂದೆ ಅಂಟು ಇರುವ ಹಾಯಿ ಬಟ್ಟೆ ಆನ್‌ಲೈನಿನಲ್ಲಿ ಸಿಗುತ್ತದೆ. ಇಲ್ಲವಾದರೆ ಯಾವುದಾದರೂ ಸತ್ತ ಹಾಯಿಯಿಂದ ಗಟ್ಟಿ ಭಾಗ ಕತ್ತರಿಸಿಕೊಳ್ಳಿ. ಫ್ಲೆಕ್ಸ್ ಬ್ಯಾನರ್ ಬೇಡ, ಭಾರ ಜಾಸ್ತಿ.

ಹೊಲಿಗೆಯ ವಿಷಯ ಇನ್ನೂ ಸ್ವಾರಸ್ಯ. ಹಾಯಿಗೆ ನೇರ ಹೊಲಿಗೆ ಹೊಂದುವುದಿಲ್ಲ, ಜಿಗ್‌ಜಾಗ್ ಬೇಕು. ಬಟ್ಟೆ ಜಗ್ಗಿದಾಗ ಜಿಗ್‌ಜಾಗ್ ದಾರ ಸ್ವಲ್ಪ ನೆಟ್ಟಗಾಗಿ ತಾಳಿಕೊಳ್ಳುತ್ತದೆ. ನೇರ ಹೊಲಿಗೆಯ ದಾರಕ್ಕೆ ಹಿಗ್ಗಲು ಜಾಗವೇ ಇಲ್ಲ, ಫಟ್ಟನೆ ತುಂಡಾಗುತ್ತದೆ. ತಾಡಪತ್ರಿ ಮಷಿನ್ನು ನೇರ ಹೊಲಿಗೆಯದು. ಇಲ್ಲಿಗೆ ಕೆಲಸ ನಿಂತಿತು ಅಂದುಕೊಂಡಿದ್ದೆ. ಅಜ್ಜಾರು ಒಳಗೆ ಕೂಗಿದರು, "ಯವ್ವಾ, ಒಂದೀಟ ಇಲ್ಲಿ ಬಾ." ಹಿಂದಿನ ಕೋಣೆಯಲ್ಲಿ ಅವರ ಸೊಸೆ ಸೀರೆಗಳಿಗೆ ಫಾಲು-ಪಿಕೋ ಮಾಡುತ್ತಾರೆ. ಪಿಕೋ ಮಷಿನ್ ಅಂದರೆ ಮತ್ತೇನು, ಜಿಗ್‌ಜಾಗ್ ಮಷಿನ್ನೇ ಅಲ್ವಾ! ಸೀರೆಯ ಅಂಚಿಗೆ ಒತ್ತೊತ್ತಾಗಿ ಹೊಲಿಯಲು ಇಟ್ಟಿರುತ್ತಾರೆ ಅಷ್ಟೇ. ಅವರು ಅಗಲವನ್ನು 5 ಮಿಲಿಮೀಟರ್ ಆಸುಪಾಸಿಗೆ ತಂದರು, ಹೊಲಿಗೆ ಉದ್ದ ಮಾಡಿದರು, 16ನೇ ನಂಬರಿನ ಸೂಜಿ ಹಾಕಿದರು, ಮೊದಲು ಚೂರು ಬಟ್ಟೆಯ ಮೇಲೆ ಹೊಲಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ದಾರದ ಗಂಟು ಬಟ್ಟೆಯ ಒಳಗೇ ಕೂರಬೇಕು, ಕೆಳಗೆ ಕುಣಿಕೆ ಜೋತುಬೀಳಬಾರದು. ಅದು ಸರಿಹೋಗುವ ತನಕ ಅವರು ಹಾಯಿಗೆ ಕೈ ಹಾಕಲಿಲ್ಲ. "ಅಣ್ಣಾರ, ಹಳೆ ದಾರ ಕೀಳೂದೇನ್ ಬ್ಯಾಡ್ರಿ, ಅದರ ಬಾಜೂಕ ಹೊಲಿತೀನಿ" ಅಂದರು. ಅದೇ ಸರಿಯಾದ ಕ್ರಮ. ಹಳೆಯ ತೂತುಗಳಲ್ಲೇ ಮತ್ತೆ ಸೂಜಿ ಇಳಿಸಿದರೆ ತೂತು ದೊಡ್ಡದಾಗುತ್ತದೆ.

ಹಾಯಿಯನ್ನು ಮಷಿನ್ನಿನ ತೋಳಿನ ಕೆಳಗೆ ತೂರಿಸುವುದೇ ದೊಡ್ಡ ಕೆಲಸ. ಎರಡೂ ಕಡೆಯಿಂದ ಸುರುಳಿ ಸುತ್ತಿ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಕೊಂಡರು. ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅಜ್ಜಾರು. ಪಟ್ಟಿಗಳು ಜಾರದ ಹಾಗೆ ನಡುವೆ ತೆಳ್ಳನೆಯ ಡಬಲ್ ಸೈಡ್ ಟೇಪು ಅಂಟಿಸಿದ್ದೆವು, ಸ್ಟೇಷನರಿ ಅಂಗಡಿಯದೇ. ಟೇಪಿನ ಅಂಟು ಸೂಜಿಗೆ ಹತ್ತುತ್ತದೆ, ಆಗಾಗ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಪಕ್ಕದಲ್ಲಿ ಇಳಕಲ್ ಸೀರೆಗಳ ರಾಶಿ ತಮ್ಮ ಪಾಳಿಗೆ ಕಾಯುತ್ತಿತ್ತು. ಸೀರೆ ಒಯ್ಯಲು ಬಂದ ಹೆಂಗಸರೊಬ್ಬರು, "ಇದ್ಯಾವ ದೇವರಿಗೆ ಇಷ್ಟ ದೊಡ್ಡ ಸೀರಿ?" ಅಂತ ಕೇಳಿದರು.

ಮೂಲೆಗಳಲ್ಲಿ ಪಿಕೋ ಮಷಿನ್ ಸೋತಿತು. ಹಾಯಿಯ ಮೂರು ಮೂಲೆಯಲ್ಲೂ ಬಟ್ಟೆ ಪದರ ಪದರವಾಗಿರುತ್ತದೆ, ಮನೆ ಮಷಿನ್ನಿಗೆ ಅದು ಆಗದ ಮಾತು. ಅಲ್ಲಿ ಅಜ್ಜಾರು ದಬ್ಬಣ ಹಿಡಿದರು. ಅಂಗೈಗೆ ದಪ್ಪ ಚರ್ಮದ ತುಂಡು ಕಟ್ಟಿಕೊಂಡು, ದಾರಕ್ಕೆ ಜೇನುಮೇಣ ಎಳೆದು, ಕೈಯಲ್ಲೇ ಹೊಲಿದರು. ಹಾಯಿ ಹೊಲಿಯುವವರು ಸಮುದ್ರದ ಕಡೆಯೂ ಇದೇ ರೀತಿ ಅಂಗೈಗೆ ಚರ್ಮ ಕಟ್ಟಿಕೊಳ್ಳುತ್ತಾರೆ. ಇವರು ಗೋಣಿಚೀಲ, ಲಾರಿ ತಾಡಪತ್ರಿ ಹೊಲಿದು ಹೊಲಿದು ತಮಗೆ ತಾವೇ ಕಂಡುಕೊಂಡಿದ್ದಾರೆ.

ಇನ್ನು ದೂರುಗಳು.

ಮೊದಲನೆಯದು ದಾರ. ಅಂಗಡಿಯಲ್ಲಿ ಇರುವುದು ನೈಲಾನ್ ದಾರ. ಗಟ್ಟಿಯಾಗಿಯೇ ಇರುತ್ತದೆ, ಆದರೆ ಪಾಲಿಯೆಸ್ಟರಿಗಿಂತ ಜಾಸ್ತಿ ಹಿಗ್ಗುತ್ತದೆ, ಬಿಸಿಲನ್ನೂ ಅಷ್ಟು ತಾಳುವುದಿಲ್ಲ. ಏಪ್ರಿಲ್-ಮೇದಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಇದು ಸಣ್ಣ ವಿಷಯವಲ್ಲ. ಬಾಂಡೆಡ್ ಪಾಲಿಯೆಸ್ಟರ್ ದಾರ, ಟಿಕೆಟ್ 40 (ದಾರದ ದಪ್ಪದ ನಂಬರು), ಕೇಳಿ ತಂದುಕೊಳ್ಳಿ. ಸೋಫಾ, ಕಾರ್ ಸೀಟು ಹೊಲಿಯುವವರ ಹತ್ತಿರ ಸಿಗುತ್ತದೆ. ಅಂಗಡಿಯವರು "ಎಲ್ಲಾ ಒಂದ ರೀ" ಅಂದರೆ ಒಂದು ಎಳೆಗೆ ಕಡ್ಡಿ ಗೀರಿ ತೋರಿಸಿ: ಪಾಲಿಯೆಸ್ಟರ್ ಕಪ್ಪು ಹೊಗೆ ಬಿಡುತ್ತದೆ, ನೈಲಾನಿನ ಹೊಗೆ ಬಿಳಿಯಾಗಿ ಕಡಿಮೆ ಇರುತ್ತದೆ. ಅಜ್ಜಾರಿಗೆ ಈ ಆಟ ತುಂಬಾ ಹಿಡಿಸಿತು, ಅಂಗಡಿಯಲ್ಲಿದ್ದ ಎಲ್ಲ ರೀಲುಗಳನ್ನೂ ಸುಟ್ಟು ನೋಡಿದರು.

ಎರಡನೆಯದು ರಿಂಗು, ತಾಡಪತ್ರಿಯ ಅಂಚಿಗೆ ಹೊಡೆಯುವ ಲೋಹದ ಕಣ್ಣು. ಅವರ ಡಬ್ಬಿಯಲ್ಲಿ ಇರುವುದೆಲ್ಲ ಕಬ್ಬಿಣಕ್ಕೆ ನಿಕ್ಕಲ್ ಬಣ್ಣ ಕುಡಿಸಿದ್ದು. ಪಳಪಳ ಹೊಳೆಯುತ್ತದೆ. ನೀರು ತಾಗಿದರೆ ತುಕ್ಕು ಹಿಡಿದು ಹಾಯಿಗೆ ಕೆಂಪು ಕಲೆ ಬಿಡುತ್ತದೆ. ಲಾರಿಯವರಿಗೆ ಅದು ನಡೆಯುತ್ತದೆ, ನಮಗೆ ನಡೆಯುವುದಿಲ್ಲ. ಹಿತ್ತಾಳೆಯದೇ ಬೇಕು ಅಂತ ಹಟ ಹಿಡಿಯಿರಿ, ಜೇಬಲ್ಲಿ ಒಂದು ಆಯಸ್ಕಾಂತ ಇರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಆದರೆ ಈ ಉಪಾಯ ಸ್ಟೇನ್‌ಲೆಸ್ ಸ್ಟೀಲಿಗೆ ಕೆಲಸಕ್ಕೆ ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಅಗ್ಗದ 202 ಗ್ರೇಡಿಗೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಹಿನ್ನೀರಿನ ಸಿಹಿನೀರಿಗೆ 304 ಸಾಕು, ಸಮುದ್ರಕ್ಕಾದರೆ 316 ಬೇಕು. ಹಾಯಿಯ ಹಿಂದಿನ ಕೆಳಮೂಲೆಗೆ ಮಾತ್ರ ಬರೀ ರಿಂಗು ಹೊಡೆದು ಬಿಡಬೇಡಿ. ಅಲ್ಲಿ ಜಗ್ಗಾಟ ಜಾಸ್ತಿ, ಕಿತ್ತು ಬರುತ್ತದೆ. ನಾನು ಅಲ್ಲಿಗೆ ಪಾಲಿಯೆಸ್ಟರ್ ಪಟ್ಟಿಯ ಕುಣಿಕೆ ಹೊಲಿಸಿದೆ, ಬೆಲ್ಟಿಗೆ ಬಳಸುವಂಥದ್ದು.

ಮೂರನೆಯದು ತಡ. ನಾನು ಹೋಗಿದ್ದು ಮುಂಗಾರಿನ ಹೊಸ್ತಿಲಲ್ಲಿ, ಎಲ್ಲರಿಗೂ ತಾಡಪತ್ರಿ ಬೇಕಾಗಿರುವ ಹೊತ್ತಿನಲ್ಲಿ. "ನಾಳೆ ಬರ್ರಿ" ಅಂದರು. ಆ ನಾಳೆ ಬರಲು ಬಹಳ ದಿನ ಹಿಡಿಯಿತು. ರೈತರ ಕೆಲಸ ಮೊದಲು ಮಾಡಿದರು ಅನ್ನುವುದರಲ್ಲಿ ತಪ್ಪಿಲ್ಲ, ಅವರ ಹೊಟ್ಟೆಪಾಡು ಅದು. ಆದರೆ ಫೋನಲ್ಲಿ ಆಗಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು.

ಇನ್ನೊಂದು ವಿಷಯಕ್ಕೆ ನಿಜವಾಗಲೂ ಸಿಟ್ಟು ಬಂತು. ಅಷ್ಟು ಚೆನ್ನಾಗಿ ಹೊಲಿದ ಹಾಯಿಯನ್ನು ಅಂಗಡಿಯ ಹುಡುಗ ತಾಡಪತ್ರಿಯ ಹಾಗೆ ಮಡಚಿ, ಮೇಲೆ ಮೊಣಕಾಲು ಊರಿ ಗಾಳಿ ತೆಗೆದು, ಸುತಳಿ ದಾರದಿಂದ ಬಿಗಿದು ಕಟ್ಟಿಟ್ಟಿದ್ದ. ಮಡಿಕೆ ಬಿದ್ದಲ್ಲೆಲ್ಲ ರಾಳ ಒಡೆಯುತ್ತದೆ, ಅಲ್ಲಿಂದಲೇ ಬಟ್ಟೆ ಸಡಿಲವಾಗಲು ಶುರು. ಹಾಯಿಯನ್ನು ಸುತ್ತಬೇಕು, ಮಡಚಬಾರದು. ಹೋಗುವಾಗಲೇ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಒಯ್ಯಿರಿ, ಇದಕ್ಕೆ ಸುತ್ತಿ ಇಡಿ ಅಂತ ಹುಡುಗನಿಗೇ ಹೇಳಿ ಬನ್ನಿ. ಅಜ್ಜಾರಿಗೆ ಹೇಳಿದರೆ ಹುಡುಗನಿಗೆ ಮುಟ್ಟುವುದಿಲ್ಲ.

ಕೂಲಿ ಬಗ್ಗೆ ಜಗಳವಿಲ್ಲ. ಎರಡೂ ಹಾಯಿಯ ಹೊಲಿಗೆ, ತೇಪೆ, ಮೂಲೆಯ ಕೈಕೆಲಸ, ರಿಂಗು ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ದಾರ, ತೇಪೆ ಬಟ್ಟೆ ನನ್ನದು. ಸೊಸೆಯವರ ಕೆಲಸದ ಕೂಲಿಯನ್ನು ಅಜ್ಜಾರು ಲೆಕ್ಕಕ್ಕೇ ಹಿಡಿದಿರಲಿಲ್ಲ, ನಾನು ಬೇರೆಯಾಗಿ ಅವರ ಕೈಗೇ ಕೊಟ್ಟೆ. ನೀವೂ ಹಾಗೇ ಮಾಡಿ. ಅರ್ಧಕ್ಕಿಂತ ಜಾಸ್ತಿ ಕೆಲಸ ಅವರದೇ.

ಇದೇ ಅಂಗಡಿಯಲ್ಲಿ ದೋಣಿಗೆ ಒಂದು ಮುಚ್ಚಿಗೆಯನ್ನೂ ಹೊಲಿಸಿದೆ. ಇದಕ್ಕೆ ಕಣ್ಣುಮುಚ್ಚಿ ಪೂರ್ತಿ ಅಂಕ. ನೀಲಿ ಪ್ಲಾಸ್ಟಿಕ್ ತಾಡಪತ್ರಿ ಬೇಡ ಅಂತ ಅವರೇ ಹೇಳಿದರು. ಅಗ್ಗದ್ದು ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಜತೆಗೆ ಉಸಿರಾಡುವುದಿಲ್ಲ, ಒಳಗಿನ ಪಸೆ ಒಳಗೇ ಬೆವರಿ ಪ್ಲೈವುಡ್ಡಿಗೆ ಇಳಿಯುತ್ತದೆ. ಲಾರಿಗೆ ಹಾಕುವ ಮೇಣದ ಹತ್ತಿ ಕ್ಯಾನ್ವಾಸ್ ತಗೊಂಡೆ. ಭಾರ ಹೌದು, ನೆನೆದರೆ ಇನ್ನೂ ಭಾರ, ಆದರೆ ಗಾಳಿ ಆಡುತ್ತದೆ. ನಡುವೆ ಬಿದಿರ ಗಳ ಕೊಟ್ಟು ಗುಡಾರದ ಹಾಗೆ ಎತ್ತಿ ಕಟ್ಟಿದರೆ ನೀರು ಮಡುಗಟ್ಟುವುದಿಲ್ಲ. ಚುಕ್ಕಾಣಿಗೂ ಅದರಲ್ಲೇ ಒಂದು ಚೀಲ ಮಾಡಿಕೊಟ್ಟರು, ಕೇಳದೇ.

ಅಲ್ಲಿಗೆ ಒಯ್ಯಬಾರದ ಕೆಲಸಗಳೂ ಇವೆ.

ಹಗ್ಗ ಅಲ್ಲಿ ಕೊಳ್ಳಬೇಡಿ. ಅವರು ಮಾರುವುದು ಪಾಲಿಪ್ರೊಪಿಲೀನ್, ಹಸಿರು ನೀಲಿ ಬಣ್ಣದ್ದು. ತಾಡಪತ್ರಿ ಕಟ್ಟಲು ಸರಿ. ಕೈಯಲ್ಲಿ ಜಾರುತ್ತದೆ, ಗಂಟು ನಿಲ್ಲುವುದಿಲ್ಲ, ಬಿಸಿಲಿಗೆ ಸಿಬಿರೇಳುತ್ತದೆ. ಹಾಯಿ ಎತ್ತುವ ಹಗ್ಗಕ್ಕೆ ಹಿಗ್ಗದ ಪಾಲಿಯೆಸ್ಟರ್, 4-5 ಮಿಲಿಮೀಟರ್. ಕೈಯಲ್ಲಿ ಹಿಡಿದು ಹಾಯಿ ಆಡಿಸುವ ಹಗ್ಗ 8 ಅಥವಾ 10 ಮಿಲಿಮೀಟರ್ ಹೆಣೆದದ್ದು ಇರಲಿ, ಅದಕ್ಕಿಂತ ಸಣ್ಣದು ಕೈ ಕೊಯ್ಯುತ್ತದೆ. ಯಾವುದು ಯಾವುದು ಅಂತ ಅನುಮಾನ ಬಂದರೆ ತುಂಡನ್ನು ಬಕೆಟ್ ನೀರಿಗೆ ಹಾಕಿ: ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಪಾಲಿಯೆಸ್ಟರ್ ಇಲ್ಲವೇ ನೈಲಾನ್. ಹಳೆ ಹಗ್ಗ ಪಾಲಿಯೆಸ್ಟರ್ ಆಗಿದ್ದರೆ ಬಿಸಾಡುವ ಮುಂಚೆ ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ವಾಷಿಂಗ್ ಮಷಿನ್ನಿಗೆ ಹಾಕಿ, ಹಾಯಿಗೆ ಬೇಡ ಅಂದಿದ್ದು ಹಗ್ಗಕ್ಕೆ ನಡೆಯುತ್ತದೆ. ನನ್ನದು ಕೋಲಿನ ಹಾಗೆ ಸೆಟೆದಿತ್ತು, ಮೆತ್ತಗಾಗಿ ಬಂತು. ಸವೆತ ಯಾವಾಗಲೂ ಒಂದೇ ಕಡೆ ಬೀಳುತ್ತದೆ, ತುದಿ ಬದಲಿಸಿ ಕಟ್ಟಿದರೆ ಇನ್ನಷ್ಟು ಕಾಲ ಬರುತ್ತದೆ.

ರಾಟೆಗಳಿಗೆ ಎಣ್ಣೆ ಬಿಡುವ ಚಪಲ ನಮ್ಮೆಲ್ಲರಿಗೂ ಇದೆ. ಬೇಡ. ಒಳಗಿನ ಗಾಲಿ ನೈಲಾನಿನದು, ಅದಕ್ಕೆ ಎಣ್ಣೆ ಬೇಕಿಲ್ಲ. ಹಿನ್ನೀರಿನ ದಂಡೆ ಎಲ್ಲ ಎರೆಮಣ್ಣು, ಎಣ್ಣೆಗೆ ಅದು ಹತ್ತಿ ಗಾಲಿಯನ್ನೇ ತಿನ್ನುತ್ತದೆ. ಸಿಹಿನೀರಲ್ಲಿ ತೊಳೆದು, ಬೇಕಾದರೆ ಒಣ ಸಿಲಿಕೋನ್ ಸ್ಪ್ರೇ.

ಕಂಬವನ್ನು ಎರಡೂ ಕಡೆ ಹಿಡಿದಿಡುವ ಸ್ಟೀಲ್ ತಂತಿಯನ್ನು ಹತ್ತಿಯ ಉಂಡೆಯಿಂದ ಒರೆಸುತ್ತಾ ಹೋಗಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಒಂದು ಎಳೆ ತುಂಡಾಗಿದೆ ಅಂತ ಅರ್ಥ. ತುದಿಯ ಒತ್ತು ಹಾಕಿದ ಜಾಗದ ಹತ್ತಿರವೇ ಇದು ಜಾಸ್ತಿ. ಒಂದೇ ಎಳೆ ಹೋಗಿದ್ದರೂ ತಂತಿ ಬದಲಿಸಿ. ಇದನ್ನು ಬೈಕಿನ ಕ್ಲಚ್ ವೈರ್ ಮಾಡುವವರಿಗೆ ಕೊಡಬೇಡಿ, ತಿಳಿದವರಿಂದಲೇ ತರಿಸಿ. ಕಂಬ ಬಿದ್ದರೆ ತಲೆ ಮೇಲೆಯೇ ಬೀಳುತ್ತದೆ.

ದೋಣಿ ಮಗುಚಿದರೂ ಮುಳುಗದ ಹಾಗೆ ಒಳಗೆ ಗಾಳಿ ಚೀಲಗಳಿರುತ್ತವೆ. ಊದಿಸಿ ರಾತ್ರಿ ಬಿಟ್ಟು ನೋಡಿ, ಇಳಿದಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಪಂಕ್ಚರ್ ಅಂಗಡಿಯ ಸಲ್ಯೂಷನ್ ರಬ್ಬರಿಗೆ, ಈ ಚೀಲಗಳು ಸಾಮಾನ್ಯವಾಗಿ ಪಿವಿಸಿ, ಅದಕ್ಕೆ ಪಿವಿಸಿಯದೇ ಅಂಟು ಬೇಕು. ಲೈಫ್ ಜಾಕೆಟ್ ಮಾತ್ರ ಯಾರ ಹತ್ತಿರವೂ ಹೊಲಿಸಬೇಡಿ. ಹೊಸದು ತನ್ನಿ.

ಚುಕ್ಕಾಣಿ, ಸೆಂಟರ್‌ಬೋರ್ಡು (ದೋಣಿಯ ನಡುವಿನಿಂದ ನೀರಿಗೆ ಇಳಿಸುವ ಹಲಗೆ) ಮರದವು. ಮನೆ ಬಾಗಿಲಿಗೆ, ಸೋಫಾಕ್ಕೆ ಹಚ್ಚುವ ಮೆಲಮೈನ್ ಪಾಲಿಶ್ ಹಚ್ಚಿಕೊಡ್ತೀನಿ ಅನ್ನುವ ಬಡಿಗೇರರು ಎಲ್ಲ ಕಡೆ ಇದ್ದಾರೆ. ಅದು ಮನೆಯೊಳಗಿನ ಪಾಲಿಶ್. ಬಿಸಿಲಿಗೆ ಹಳದಿಯಾಗಿ ಸಿಪ್ಪೆ ಏಳುತ್ತದೆ. ಹೊರಗಿನ ಕೆಲಸಕ್ಕೆ ಅಂತಲೇ ಬರುವ, ಬಿಸಿಲು ತಡೆಯುವ ಪಿಯು (ಪಾಲಿಯುರೆಥೇನ್) ವಾರ್ನಿಷ್ ಕೇಳಿ. ಮೊದಲ ಕೋಟು ಥಿನ್ನರ್ ಬೆರೆಸಿ ತೆಳ್ಳಗೆ, ಮರ ಕುಡಿಯಲಿ. ಆಮೇಲಿನವು ಗಟ್ಟಿ, ನಡುನಡುವೆ 320 ನಂಬರಿನ ಸ್ಯಾಂಡ್ ಪೇಪರ್. ಬೋಲ್ಟಿನ ತೂತುಗಳೇ ಕೊಳೆಯಲು ಮೊದಲ ದಾರಿ: ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೇ ಸಣ್ಣ ತೂತು ಹಾಕಿದರೆ ಮರಕ್ಕೆ ನೀರು ಮುಟ್ಟುವುದೇ ಇಲ್ಲ. ಚುಕ್ಕಾಣಿಯ ಕೀಲು ಲಟಲಟ ಅನ್ನುತ್ತಿತ್ತು. ಅದರ ಬುಷ್ಷನ್ನು ಬೆಳಗಾವಿ ಉದ್ಯಮಬಾಗದ ಒಂದು ಲೇತ್ ಅಂಗಡಿಯಲ್ಲಿ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡಿನಿಂದ ಮಾಡಿಸಿದೆ. ನೈಲಾನ್ ನೀರು ಕುಡಿದು ಊದುತ್ತದೆ, ಡೆಲ್ರಿನ್ ಅಷ್ಟು ಊದುವುದಿಲ್ಲ. ನಿಂತ ಕಾಲಲ್ಲೇ ಮಾಡಿಕೊಟ್ಟರು. ಪಂಪು-ಹೈಡ್ರಾಲಿಕ್ಸ್ ಭಾಗ ಮಾಡುವವರಿಗೆ ಇದೊಂದು ಕೆಲಸವೇ ಅಲ್ಲ.

ನೀರಿಗೆ ಇಳಿದ ಮೇಲೆ ಹಾಯಿ ಹೇಗಿದೆ ಅಂತ ಹೇಳಬೇಕಲ್ಲ. ದೊಡ್ಡದು ಚೆನ್ನಾಗಿ ನಿಲ್ಲುತ್ತದೆ. ಮುಂಗಾರಿನ ಪಡುವಣ ಗಾಳಿ ಜೋರಿದ್ದಾಗಲೂ ಹೊಲಿಗೆ ಒಂದೆಳೆ ಬಿಡಲಿಲ್ಲ, ತೇಪೆಯ ಸುತ್ತ ಸುಕ್ಕಿಲ್ಲ. ಕಂಬದ ಉದ್ದಕ್ಕೆ ಮಾತ್ರ ಅಡ್ಡ ಸುಕ್ಕುಗಳು ಉಳಿದಿವೆ. ಅಂಚಿನೊಳಗಿನ ಹಳೆ ಹಗ್ಗ ಕುಗ್ಗಿ ಬಟ್ಟೆಯನ್ನು ಎಳೆದುಕೊಂಡಿರುವುದರಿಂದ ಹಾಗೆ, ಅದು ಹೊಲಿಗೆಯವರ ತಪ್ಪಲ್ಲ. ಆ ಹಗ್ಗ ಬಿಚ್ಚಿ ಬದಲಿಸಲು ಅಜ್ಜಾರು ಒಪ್ಪಿದ್ದಾರೆ, ಸುಗ್ಗಿ ಮುಗಿಯಲಿ ಅಂದಿದ್ದಾರೆ.

ಹೊಲಿಗೆಗೆ ಐದಕ್ಕೆ ನಾಲ್ಕೂವರೆ, ಮುಚ್ಚಿಗೆಗೆ ಐದು, ಸಾಮಾನಿಗೆ ಎರಡು, ಮಾತಿಗೆ ತಕ್ಕ ಹಾಗೆ ಕೊಡುವುದಕ್ಕೆ ಒಂದು. ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಮೇ-ಜೂನ್ ಬಿಟ್ಟು ಬೇರೆ ಯಾವಾಗಲಾದರೂ ಹೋಗಿ. ಮದುವೆ ಸೀಸನ್ನಿನಲ್ಲಿ ಪಿಕೋ ಕೋಣೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಸೊಸೆಯವರಿಗೆ ಪುರುಸೊತ್ತಿದೆಯಾ ಅಂತ ಕೇಳಿಕೊಂಡು ಹೋಗುವುದು ಒಳ್ಳೆಯದು.